ಪರಿಮಾಣ ಎಂದರೆ ಎಷ್ಟು? ಗಣಿತದಲ್ಲೂ ವಿಜ್ಞಾನದಲ್ಲೂ ಅದನ್ನು ಓದುವ ಕ್ರಮ

ಗಣಿತದ ಪಾಠದಲ್ಲಿ ಪರಿಮಾಣ ಎಂದರೆ ಎಂದಿಗೂ ಸೊನ್ನೆಗಿಂತ ಕೆಳಗಿಳಿಯದ ಸಂಖ್ಯೆ. ಖಗೋಳವಿಜ್ಞಾನದ ಪುಸ್ತಕ ತೆರೆದರೆ ಸೂರ್ಯನ ಮ್ಯಾಗ್ನಿಟ್ಯೂಡ್, ಅಂದರೆ ಹೊಳಪಿನ ಪರಿಮಾಣ, −26.74 ಎಂದು ಬರೆದಿರುತ್ತದೆ. ಭೂಕಂಪದ ವರದಿಯಲ್ಲಿ 6 ಎಂಬುದು 7 ಆದರೆ ಹೊರಬಿದ್ದ ಶಕ್ತಿ ಸುಮಾರು 32 ಪಟ್ಟು ಹೆಚ್ಚಿತೆಂದು ಅರ್ಥ. 6 ಮೀಟರಿನ ಹಗ್ಗಕ್ಕೂ 7 ಮೀಟರಿನ ಹಗ್ಗಕ್ಕೂ ಇರುವ ಅಂತರ ಮಾತ್ರ ಒಂದೇ ಮೀಟರು. ಮೂರೂ ಕಡೆ ಕೇಳಿದ ಪ್ರಶ್ನೆ ಒಂದೇ, "ಎಷ್ಟು ದೊಡ್ಡದು?" ಎಂಬುದು. ಆದರೆ ಉತ್ತರವಾಗಿ ಬಂದ ಸಂಖ್ಯೆಯನ್ನು ಯಾವ ಸೊನ್ನೆಯಿಂದ ಎಣಿಸಿದ್ದಾರೆ, ಯಾವ ಏಕಮಾನದಲ್ಲಿ ಬರೆದಿದ್ದಾರೆ, ಅಳೆಯುವಾಗ ಏನನ್ನು ಬದಿಗಿಟ್ಟಿದ್ದಾರೆ, ಅಳತೆಗೋಲಿನ ಮನೆಗಳು ಸಮಾನ ಅಂತರದವೋ ಅಥವಾ ಪಟ್ಟುಪಟ್ಟಾಗಿ ಹಿಗ್ಗುವವೋ ಎಂಬುದು ತಿಳಿಯದ ಹೊರತು ಆ ಸಂಖ್ಯೆಯಿಂದ ಏನೂ ದಕ್ಕುವುದಿಲ್ಲ. ಪರಿಮಾಣವೊಂದು ಎದುರಾದಾಗ ಈ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು, ಲೆಕ್ಕವನ್ನು ಹೇಗೆ ಮಾಡಬೇಕು ಎಂಬುದನ್ನು ಮುಂದೆ ಹೆಜ್ಜೆ ಹೆಜ್ಜೆಯಾಗಿ ಕೊಟ್ಟಿದೆ.

ಮೊದಲ ಹೆಜ್ಜೆ: ರಾಶಿ ಯಾವ ಜಾತಿಯದು?

ಒಂದು ರಾಶಿಯನ್ನು ಇನ್ನೊಂದಕ್ಕಿಂತ ದೊಡ್ಡದೆಂದು ಹೇಳಬೇಕಾದರೆ ಎರಡೂ ಒಂದೇ ಜಾತಿಯವಾಗಿರಬೇಕು. ಯೂಕ್ಲಿಡನ ಜ್ಯಾಮಿತಿಯ ಐದನೆಯ ಭಾಗ ಶುರುವಾಗುವುದೇ ಈ ಕಟ್ಟುಪಾಡಿನಿಂದ: ಅನುಪಾತ ಎಂಬುದು ಒಂದೇ ಬಗೆಯ ಎರಡು ಪರಿಮಾಣಗಳ ನಡುವಿನ ಸಂಬಂಧ. ಉದ್ದವನ್ನು ಉದ್ದದೊಡನೆ, ಕ್ಷೇತ್ರಫಲವನ್ನು ಕ್ಷೇತ್ರಫಲದೊಡನೆ ಹೋಲಿಸಬಹುದು. ಒಂದು ಗೆರೆ ಒಂದು ಚೌಕಕ್ಕಿಂತ ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಜಾತಿ ತಿಳಿದ ಮೇಲೆ, ಆ ರಾಶಿಗೆ ದಿಕ್ಕು ಉಂಟೇ ಎಂದು ನೋಡಿ. ದ್ರವ್ಯರಾಶಿ, ಕಾಲ, ತಾಪ, ಶಕ್ತಿ ಇವುಗಳ ಬಗ್ಗೆ "ಯಾವ ಕಡೆಗೆ?" ಎಂದು ಕೇಳಿದರೆ ಉತ್ತರವಿಲ್ಲ, ಇವು ಅದಿಶ ರಾಶಿಗಳು. ಸ್ಥಾನಪಲ್ಲಟ (ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಇರುವ ನೇರ ಅಂತರ), ವೇಗ, ವೇಗೋತ್ಕರ್ಷ, ಬಲ ಇವುಗಳ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳದೆ ಮಾತು ಪೂರ್ತಿಯಾಗುವುದಿಲ್ಲ; ಇವು ಸದಿಶ ರಾಶಿಗಳು. ಇಲ್ಲೊಂದು ಎಚ್ಚರಿಕೆ ಬೇಕು. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ನಾವು ಬಾಣದ ಗುರುತು ಹಾಕುತ್ತೇವೆ, ಆದರೂ ಅದು ಸದಿಶವಲ್ಲ. ಎರಡು ತಂತಿಗಳು ಯಾವ ಕೋನದಲ್ಲೇ ಬಂದು ಕೂಡಲಿ, 3 ಆಂಪಿಯರ್ ಮತ್ತು 4 ಆಂಪಿಯರ್ ಸೇರಿ ಹೊರಟ ಪ್ರವಾಹ 7 ಆಂಪಿಯರೇ ಆಗಿರುತ್ತದೆ. ಒಂದು ರಾಶಿ ಸದಿಶವೆನಿಸಿಕೊಳ್ಳಬೇಕಾದರೆ ಬಾಣವೊಂದು ಸಾಲದು, ಕೂಡುವ ರೀತಿಯಲ್ಲಿ ಕೋನಕ್ಕೂ ಪಾಲಿರಬೇಕು.

ಎರಡನೆಯ ಹೆಜ್ಜೆ: ಸಂಖ್ಯೆಯನ್ನು ಏಕಮಾನದಿಂದ ಬಿಡಿಸಬೇಡಿ

ಭೌತಿಕ ರಾಶಿಯೊಂದರ ಪರಿಮಾಣವೆಂದರೆ ಸಂಖ್ಯೆ ಮತ್ತು ಏಕಮಾನದ ಗುಣಲಬ್ಧ. ಏಕಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗುತ್ತದೆ, ರಾಶಿ ಮಾತ್ರ ಇದ್ದಂತೆಯೇ ಇರುತ್ತದೆ: 2 ಮೀಟರ್, 200 ಸೆಂಟಿಮೀಟರ್ ಮತ್ತು 0.002 ಕಿಲೋಮೀಟರ್ ಒಂದೇ ಉದ್ದದ ಮೂರು ಬರವಣಿಗೆಗಳು. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೂ 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳವನ್ನು ತಲುಪುವ ಹೊತ್ತಿಗೆ ಕೈತಪ್ಪಿಹೋದದ್ದು ಇದೇ ಕಾರಣಕ್ಕೆ. ನೆಲದ ಮೇಲಿನ ಒಂದು ತಂತ್ರಾಂಶ ಎಂಜಿನ್ನಿನ ತಳ್ಳಿಕೆಯನ್ನು ಪೌಂಡ್-ಬಲ ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಅದನ್ನು ಪಡೆದು ಪಥವನ್ನು ಲೆಕ್ಕ ಹಾಕುತ್ತಿದ್ದ ತಂತ್ರಾಂಶ ಆ ಸಂಖ್ಯೆಗಳನ್ನು ನ್ಯೂಟನ್ ಸೆಕೆಂಡುಗಳೆಂದು ಓದಿಕೊಳ್ಳುತ್ತಿತ್ತು. ಒಂದು ಪೌಂಡ್-ಬಲವೆಂದರೆ ಸುಮಾರು 4.45 ನ್ಯೂಟನ್. ಪ್ರತಿಯೊಂದು ತಳ್ಳಿಕೆಯೂ ಅಷ್ಟು ಪಟ್ಟು ಕಡಿಮೆಯಾಗಿ ಲೆಕ್ಕಕ್ಕೆ ಸೇರಿದ್ದರಿಂದ ನೌಕೆ ಯೋಜಿಸಿದ್ದಕ್ಕಿಂತ ಬಹಳ ಕೆಳಮಟ್ಟದಲ್ಲಿ ಗ್ರಹದ ವಾತಾವರಣವನ್ನು ಹೊಕ್ಕಿತು. ಸಂಖ್ಯೆಗಳಲ್ಲಿ ದೋಷವಿರಲಿಲ್ಲ, ಅವುಗಳ ಜೊತೆಗಿರಬೇಕಾಗಿದ್ದ ಏಕಮಾನ ದಾರಿಯಲ್ಲಿ ಕಳಚಿಕೊಂಡಿತ್ತು.

ಹಾಗಾಗಿ ಲೆಕ್ಕದ ಕೊನೆಯಲ್ಲಷ್ಟೇ ಅಲ್ಲ, ನಡುವಿನ ಪ್ರತಿ ಸಾಲಿನಲ್ಲೂ ಏಕಮಾನವನ್ನು ಬರೆಯುತ್ತ ಹೋಗುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಋಣ ಚಿಹ್ನೆ ಏನನ್ನು ಹೇಳುತ್ತಿದೆ?

ಸಂಖ್ಯಾರೇಖೆಯ ಮೇಲೆ ಒಂದು ಸಂಖ್ಯೆಯ ಪರಿಮಾಣವೆಂದರೆ ಸೊನ್ನೆಯಿಂದ ಅದಕ್ಕಿರುವ ದೂರ. −7 ಮತ್ತು 7 ಸೊನ್ನೆಯಿಂದ ಸಮಾನ ದೂರದಲ್ಲಿರುವುದರಿಂದ ಎರಡರ ಪರಿಮಾಣವೂ 7. ಇದನ್ನೇ ನಿರಪೇಕ್ಷ ಮೌಲ್ಯ ಎನ್ನುತ್ತಾರೆ, ಎರಡು ಲಂಬಗೆರೆಗಳ ನಡುವೆ |−7| = 7 ಎಂದು ಬರೆಯುತ್ತಾರೆ. ಈ ಗೆರೆಗಳನ್ನು 1841ರಲ್ಲಿ ಬಳಕೆಗೆ ತಂದವನು ಜರ್ಮನಿಯ ಗಣಿತಜ್ಞ ಕಾರ್ಲ್ ವೈಯರ್‌ಸ್ಟ್ರಾಸ್.

"ಋಣ ಚಿಹ್ನೆಯನ್ನು ಅಳಿಸಿದರೆ ನಿರಪೇಕ್ಷ ಮೌಲ್ಯ ಸಿಗುತ್ತದೆ" ಎಂಬ ಸೂತ್ರ ಅಂಕಿಗಳಿಗೆ ಸಾಕು, ಅಕ್ಷರಗಳಿಗೆ ಸಾಲದು. ಕ ಎಂಬ ಸಂಖ್ಯೆ −7 ಆಗಿದ್ದರೆ |ಕ| ಎಂಬುದು −ಕ ಆಗುತ್ತದೆ, ಏಕೆಂದರೆ −(−7) = 7. ಇಲ್ಲಿ −ಕ ಎಂಬುದನ್ನು ಕಂಡ ಕೂಡಲೇ ಅದು ಋಣ ಸಂಖ್ಯೆ ಎಂದು ತಿಳಿಯುವುದೇ ತಪ್ಪಿನ ಬೇರು. ಹಾಗೆಯೇ ಕ²ದ ವರ್ಗಮೂಲ ಕ ಅಲ್ಲ, |ಕ|. ದೂರದ ಕಲ್ಪನೆಯನ್ನು ಹಿಡಿದುಕೊಂಡರೆ ಇಂಥ ತೊಡಕುಗಳು ತಾವಾಗಿ ಸಡಿಲವಾಗುತ್ತವೆ. |ಕ − 3| = 5 ಎಂಬ ಸಮೀಕರಣವನ್ನು "3ರಿಂದ 5 ದೂರದಲ್ಲಿರುವ ಸಂಖ್ಯೆಗಳು ಯಾವುವು?" ಎಂದು ಓದಿದರೆ, ಬಲಕ್ಕೆ 8, ಎಡಕ್ಕೆ −2 ಎಂಬ ಉತ್ತರಗಳು ಯಾವ ನಿಯಮದ ನೆರವೂ ಇಲ್ಲದೆ ಬರುತ್ತವೆ.

ವಿಜ್ಞಾನದಲ್ಲಿ ಋಣ ಚಿಹ್ನೆಗೆ ಒಂದೇ ಅರ್ಥವಿರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಮೇಲ್ಮುಖವನ್ನು ಧನವೆಂದು ತೆಗೆದುಕೊಂಡಾಗ ಕೆಳಗೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ −20 ಮೀಟರ್ ಎಂದರೆ ಚಿಹ್ನೆ ದಿಕ್ಕನ್ನು ಹೇಳುತ್ತಿದೆ, ಪರಿಮಾಣ 20. ಎಲೆಕ್ಟ್ರಾನಿನ ಆವೇಶ −1.602 × 10⁻¹⁹ ಕೂಲಂಬ್ ಎಂದಾಗ ಚಿಹ್ನೆ ಹೇಳುವುದು ದಿಕ್ಕನ್ನಲ್ಲ, ಆವೇಶದ ಬಗೆಯನ್ನು. ಪ್ರೋಟಾನಿನ ಆವೇಶಕ್ಕೂ ಪರಿಮಾಣ ಅದೇ, ಬಗೆ ಮಾತ್ರ ಬೇರೆ. ಇನ್ನು −10 ಡಿಗ್ರಿ ಸೆಲ್ಸಿಯಸ್ ಎಂದಾಗ ಚಿಹ್ನೆ ದಿಕ್ಕನ್ನೂ ಹೇಳುವುದಿಲ್ಲ, ಬಗೆಯನ್ನೂ ಹೇಳುವುದಿಲ್ಲ. ನಾವು ಒಪ್ಪಿಕೊಂಡ ಗುರುತೊಂದರ ಕೆಳಗೆ ಇದ್ದೇವೆ ಎಂದಷ್ಟೇ ಹೇಳುತ್ತದೆ. ಸೆಲ್ಸಿಯಸ್ ಮಾಪಕದ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದುವಿಗೆ ಹೊಂದುವಂತೆ ಇಟ್ಟುಕೊಂಡದ್ದು, ತಾಪ ಇಲ್ಲವೇ ಇಲ್ಲ ಎನ್ನುವ ಸೊನ್ನೆಯಲ್ಲ. ಆದ್ದರಿಂದಲೇ 20 ಡಿಗ್ರಿ 10 ಡಿಗ್ರಿಗಿಂತ ಎರಡು ಪಟ್ಟು ಬಿಸಿಯಲ್ಲ. ನಿಜವಾದ ಸೊನ್ನೆಯಿಂದ ಎಣಿಸುವ ಕೆಲ್ವಿನ್ ಮಾಪಕಕ್ಕೆ ಇವೆರಡನ್ನೂ ತಂದರೆ 283.15 ಮತ್ತು 293.15 ಆಗುತ್ತವೆ, ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿರುವುದು ಶೇಕಡಾ ಮೂರೂವರೆಯಷ್ಟು ಮಾತ್ರ. "ಎಷ್ಟು ಪಟ್ಟು?" ಎಂದು ಕೇಳುವ ಮುನ್ನ ಸೊನ್ನೆ ಎಲ್ಲಿದೆ ಎಂದು ಕೇಳಬೇಕು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಪ್ರಶ್ನೆ ಇದೇ.

ನಾಲ್ಕನೆಯ ಹೆಜ್ಜೆ: ಸದಿಶದ ಪರಿಮಾಣವನ್ನು ಲೆಕ್ಕ ಹಾಕುವುದು

ಸದಿಶವನ್ನು ಬಾಣವೆಂದು ಚಿತ್ರಿಸಿಕೊಂಡರೆ ಅದರ ಪರಿಮಾಣವೆಂದರೆ ಬಾಣದ ಉದ್ದ. ಲೆಕ್ಕಕ್ಕೆ ಬೇಕಾದದ್ದು ಪೈಥಾಗೊರಸ್ ಪ್ರಮೇಯವೊಂದೇ: ಅಕ್ಷಗಳ ಉದ್ದಕ್ಕೂ ಇರುವ ಘಟಕಗಳನ್ನು ಬೇರೆ ಬೇರೆಯಾಗಿ ವರ್ಗ ಮಾಡಿ, ಕೂಡಿಸಿ, ಮೊತ್ತದ ವರ್ಗಮೂಲವನ್ನು ತೆಗೆಯಬೇಕು.

ಒಂದು ಉದಾಹರಣೆಯನ್ನು ಕೊನೆಯವರೆಗೆ ಮಾಡಿ ನೋಡೋಣ. ಕಣವೊಂದು (1, 5, −2) ಎಂಬ ಬಿಂದುವಿನಿಂದ ಹೊರಟು (3, 2, 4) ಎಂಬ ಬಿಂದುವನ್ನು ತಲುಪಿತು, ಅಳತೆಗಳೆಲ್ಲ ಮೀಟರಿನಲ್ಲಿವೆ. ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆಯಬೇಕು. ಮೊದಲ ಘಟಕ 3 − 1 = 2. ಎರಡನೆಯದು 2 − 5 = −3. ಮೂರನೆಯದು 4 − (−2) = 6; ಇಲ್ಲಿ ಅವಸರ ಮಾಡಿದವರು 2 ಎಂದು ಬರೆದುಬಿಡುತ್ತಾರೆ. ವರ್ಗಗಳು ಕ್ರಮವಾಗಿ 4, 9, 36. ಮೊತ್ತ 49, ವರ್ಗಮೂಲ 7. ಸ್ಥಾನಪಲ್ಲಟದ ಪರಿಮಾಣ 7 ಮೀಟರ್. ಘಟಕಗಳನ್ನು ನೇರವಾಗಿ ಕೂಡಿಸಿದ್ದರೆ 2 − 3 + 6 = 5 ಬರುತ್ತಿತ್ತು, ಚಿಹ್ನೆ ಬಿಟ್ಟು ಕೂಡಿಸಿದ್ದರೆ 11 ಬರುತ್ತಿತ್ತು; ಇವೆರಡೂ ಕಣದ ನೇರ ದೂರವನ್ನು ಹೇಳುವುದಿಲ್ಲ. ಉತ್ತರವನ್ನು ಸರಸರನೆ ಪರೀಕ್ಷಿಸಲು ಒಂದು ಉಪಾಯವಿದೆ: ಪರಿಮಾಣವು ಅತಿ ದೊಡ್ಡ ಘಟಕಕ್ಕಿಂತ ಕಡಿಮೆಯಾಗಲಾರದು, ಚಿಹ್ನೆ ಬಿಟ್ಟ ಘಟಕಗಳ ಮೊತ್ತಕ್ಕಿಂತ ಹೆಚ್ಚಾಗಲಾರದು. ಇಲ್ಲಿ 7 ಎಂಬುದು 6 ಮತ್ತು 11ರ ನಡುವೆ ಇದೆ.

ಸಂಕೀರ್ಣ ಸಂಖ್ಯೆಗಳಿಗೂ ಇದೇ ದಾರಿ. −1ರ ವರ್ಗಮೂಲವನ್ನು ಐ ಎಂದು ಕರೆದರೆ 5 − 12ಐ ಎಂಬುದರ ಪರಿಮಾಣ 25 ಮತ್ತು 144ರ ಮೊತ್ತವಾದ 169ರ ವರ್ಗಮೂಲ, ಅಂದರೆ 13. ಐ ಅನ್ನೂ ಒಳಗೆ ಸೇರಿಸಿ ವರ್ಗ ಮಾಡಿದರೆ 25 − 144 ಆಗಿ ಲೆಕ್ಕ ಕೆಡುತ್ತದೆ. ಪರಿಮಾಣದ ಲೆಕ್ಕದಲ್ಲಿ ಐ ಬರಿಯ ಗುರುತು: 12 ಎಂಬುದು ಯಾವ ಅಕ್ಷದ ಮೇಲಿದೆ ಎಂದು ಅದು ಹೇಳುತ್ತದೆ, ತಾನು ಉದ್ದಕ್ಕೆ ಸೇರುವುದಿಲ್ಲ.

ಚಲನೆಯ ಪಾಠದಲ್ಲಿ ಪರಿಮಾಣವೆಂಬ ಮಾತು ಎಡವಟ್ಟು ಮಾಡುವ ಜಾಗ ಇನ್ನೊಂದಿದೆ. 7 ಮೀಟರ್ ತ್ರಿಜ್ಯದ ವೃತ್ತಾಕಾರದ ದಾರಿಯಲ್ಲಿ ಅರ್ಧ ಸುತ್ತು ಓಡಿದವರು ಕ್ರಮಿಸಿದ ದೂರ ಸುಮಾರು 22 ಮೀಟರ್, ಸ್ಥಾನಪಲ್ಲಟದ ಪರಿಮಾಣ ವ್ಯಾಸದಷ್ಟು, ಅಂದರೆ 14 ಮೀಟರ್. ಪೂರ್ತಿ ಸುತ್ತು ಮುಗಿಸಿದಾಗ ದೂರ 44 ಮೀಟರಿಗೆ ಏರುತ್ತದೆ, ಸ್ಥಾನಪಲ್ಲಟ ಸೊನ್ನೆಗೆ ಇಳಿಯುತ್ತದೆ. ಓಟದ ಜವ, ಅಂದರೆ ದಿಕ್ಕನ್ನು ಬಿಟ್ಟ ವೇಗ, ಉದ್ದಕ್ಕೂ ಒಂದೇ ಆಗಿದ್ದರೆ ವೇಗದ ಪರಿಮಾಣ ಬದಲಾಗಲಿಲ್ಲ ಎನ್ನಬಹುದು, ವೇಗ ಬದಲಾಗಲಿಲ್ಲ ಎನ್ನುವಂತಿಲ್ಲ; ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತಿರುವುದರಿಂದಲೇ ಅಲ್ಲಿ ಕೇಂದ್ರದ ಕಡೆಗೆ ವೇಗೋತ್ಕರ್ಷ ಇರುತ್ತದೆ.

ಐದನೆಯ ಹೆಜ್ಜೆ: ಕೂಡುವ ಮುನ್ನ ದಿಕ್ಕನ್ನು ಮರಳಿ ತನ್ನಿ

ಪರಿಮಾಣವನ್ನು ಪಡೆಯುವಾಗ ದಿಕ್ಕನ್ನು ಬದಿಗಿಟ್ಟಿದ್ದೇವೆ. ಎರಡು ಸದಿಶಗಳನ್ನು ಕೂಡಬೇಕಾದಾಗ ಅದನ್ನು ಮತ್ತೆ ಕೈಗೆತ್ತಿಕೊಳ್ಳಲೇಬೇಕು. 3 ನ್ಯೂಟನ್ ಮತ್ತು 4 ನ್ಯೂಟನ್ ಬಲಗಳು ಒಂದೇ ಕಡೆಗೆ ಎಳೆದರೆ ಫಲಿತ ಬಲ 7 ನ್ಯೂಟನ್, ಎದುರುಬದುರಾಗಿ ಎಳೆದರೆ 1, ಲಂಬವಾಗಿ ಎಳೆದರೆ 5, ಅವುಗಳ ನಡುವಿನ ಕೋನ 60 ಡಿಗ್ರಿಯಾದರೆ 37ರ ವರ್ಗಮೂಲ, ಅಂದರೆ ಸುಮಾರು 6.08. ಮೊತ್ತದ ಪರಿಮಾಣ ಪರಿಮಾಣಗಳ ಮೊತ್ತವನ್ನು ಎಂದೂ ಮೀರುವುದಿಲ್ಲ ಎಂಬ ಈ ನಿಯಮವನ್ನು ತ್ರಿಭುಜ ಅಸಮತೆ ಎನ್ನುತ್ತಾರೆ. ತ್ರಿಭುಜದ ಯಾವ ಬಾಹುವೂ ಉಳಿದೆರಡರ ಮೊತ್ತಕ್ಕಿಂತ ಉದ್ದವಾಗಲಾರದು ಎಂಬುದರ ಇನ್ನೊಂದು ರೂಪವಿದು.

ಆರನೆಯ ಹೆಜ್ಜೆ: ಹತ್ತರ ಘಾತದಲ್ಲಿ ಅಂದಾಜು

ಕೆಲವು ಪ್ರಶ್ನೆಗಳಿಗೆ ನಿಖರ ಸಂಖ್ಯೆಯೇ ಬೇಕೆಂದಿಲ್ಲ, ಹತ್ತರ ಯಾವ ಘಾತದ ಆಸುಪಾಸಿನಲ್ಲಿದೆ ಎಂದು ತಿಳಿದರೆ ಸಾಕು. ಇದನ್ನು ಪರಿಮಾಣದ ದರ್ಜೆ ಎನ್ನೋಣ. ಹೈಡ್ರೋಜನ್ ಪರಮಾಣುವಿನ ವ್ಯಾಸ 10⁻¹⁰ ಮೀಟರಿನ ದರ್ಜೆಯದು, ಅದರ ನ್ಯೂಕ್ಲಿಯಸ್ಸಿನದು 10⁻¹⁵ ಮೀಟರಿನದು. ನಡುವೆ ಐದು ದರ್ಜೆಗಳ ಅಂತರ, ಅಂದರೆ ಸುಮಾರು ಒಂದು ಲಕ್ಷ ಪಟ್ಟು. ಭೂಮಿಯ ವ್ಯಾಸ 1.27 × 10⁷ ಮೀಟರ್, ಸೂರ್ಯನದು 1.39 × 10⁹ ಮೀಟರ್; ಇಲ್ಲಿರುವುದು ಎರಡೇ ದರ್ಜೆ. ಭೂಮಿಗೂ ಸೂರ್ಯನಿಗೂ ಗಾತ್ರದಲ್ಲಿರುವ ಅಂತರಕ್ಕಿಂತ ಪರಮಾಣುವಿಗೂ ಅದರ ತಿರುಳಿಗೂ ಇರುವ ಅಂತರವೇ ಸಾವಿರ ಪಟ್ಟು ಹಿರಿದು ಎಂಬುದು ದರ್ಜೆಗಳನ್ನು ಎಣಿಸಿದಾಗಲೇ ಕಣ್ಣಿಗೆ ಬೀಳುತ್ತದೆ.

ಅಂದಾಜು ಹಾಕುವ ಕ್ರಮ ಹೀಗಿದೆ. ಮನುಷ್ಯನ ಹೃದಯ ಎಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ಬಡಿಯುತ್ತದೆ? ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಸುಮಾರು ಒಂದು ಲಕ್ಷ, ವರ್ಷಕ್ಕೆ 3.7 × 10⁷, ಎಪ್ಪತ್ತು ವರ್ಷಕ್ಕೆ 2.6 × 10⁹. ಈಗ ಇದನ್ನು ಹತ್ತಿರದ ಘಾತಕ್ಕೆ ಇಳಿಸಬೇಕು. ಪಟ್ಟುಗಳ ಲೆಕ್ಕದಲ್ಲಿ 1ಕ್ಕೂ 10ಕ್ಕೂ ನಡುವಿನ ಬಿಂದು 5 ಅಲ್ಲ, 10ರ ವರ್ಗಮೂಲವಾದ 3.16. ನಮ್ಮ 2.6 ಅದಕ್ಕಿಂತ ಕಡಿಮೆಯಾದ್ದರಿಂದ ಉತ್ತರದ ದರ್ಜೆ 10⁹. ಅದೇ 4 × 10⁵ ಬಂದಿದ್ದರೆ ಅದನ್ನು 10⁶ರ ದರ್ಜೆಗೆ ಸೇರಿಸಬೇಕಾಗುತ್ತಿತ್ತು. ನಿಮಿಷಕ್ಕೆ 70ರ ಬದಲು 80 ಎಂದು ಹಿಡಿದರೂ ದರ್ಜೆ ಕದಲುವುದಿಲ್ಲ. ಈ ಬಗೆಯ ಲೆಕ್ಕದ ಬಲವೇ ಅದು.

ಏಳನೆಯ ಹೆಜ್ಜೆ: ಅಳತೆಗೋಲು ಲಘುಗಣಕದ್ದೇ?

ಘಾತಗಳನ್ನೇ ನೇರವಾಗಿ ಅಳತೆಯೆಂದು ಬರೆದುಕೊಂಡರೆ ಲಘುಗಣಕ ಮಾಪಕ ಸಿದ್ಧವಾಗುತ್ತದೆ. ಇಂಥ ಮಾಪಕದಲ್ಲಿ ಒಂದು ಮನೆ ಮುಂದೆ ಹೋದರೆ ಇಷ್ಟು ಹೆಚ್ಚಾಯಿತು ಎಂದಲ್ಲ, ಇಷ್ಟು ಪಟ್ಟಾಯಿತು ಎಂದು ಓದಬೇಕು. ಸೊನ್ನೆ ಎಂದರೆ "ಏನೂ ಇಲ್ಲ" ಎಂದೂ ಅಲ್ಲ. ಹೋಲಿಕೆಗೆ ಆರಿಸಿಕೊಂಡ ಪ್ರಮಾಣಕ್ಕೆ ಸಮ ಎಂದಷ್ಟೇ. ಅದಕ್ಕಿಂತ ಕಡಿಮೆಯಿದ್ದರೆ ಲಘುಗಣಕ ಋಣವಾಗುತ್ತದೆ. ಭೂಕಂಪದ ಮಾಪಕವನ್ನು ರೂಪಿಸಿದ ರಿಕ್ಟರ್ ಹೋಲಿಕೆಗೆ ಆರಿಸಿದ್ದಕ್ಕಿಂತ ಸಣ್ಣ ಕಂಪನಗಳನ್ನೂ ಇಂದಿನ ಉಪಕರಣಗಳು ಹಿಡಿಯಬಲ್ಲವಾದ್ದರಿಂದ ಋಣ ಪರಿಮಾಣದ ಭೂಕಂಪಗಳೂ ದಾಖಲಾಗುತ್ತವೆ.

ನಕ್ಷತ್ರಗಳ ಕಾಂತಿಮಾನ (ಮೊದಲಲ್ಲಿ ಹೇಳಿದ ಮ್ಯಾಗ್ನಿಟ್ಯೂಡ್) ಈ ಮಾಪಕಗಳಲ್ಲಿ ಅತಿ ಹಳೆಯದು, ಅತಿ ವಿಚಿತ್ರವೂ ಹೌದು. ಕ್ರಿ.ಶ. 2ನೇ ಶತಮಾನದಲ್ಲಿ ಖಗೋಳಜ್ಞ ಟಾಲೆಮಿ ತನ್ನ ಪಟ್ಟಿಯಲ್ಲಿ ನಕ್ಷತ್ರಗಳನ್ನು ಆರು ವರ್ಗಗಳಾಗಿ ವಿಂಗಡಿಸಿದ. ಅತಿ ಹೊಳಪಿನವು ಮೊದಲ ವರ್ಗದವು, ಕಣ್ಣಿಗೆ ಕಷ್ಟಪಟ್ಟು ಕಾಣುವವು ಆರನೆಯವು. ಹೊಳಪು ಹೆಚ್ಚಿದಷ್ಟೂ ಸಂಖ್ಯೆ ಇಳಿಯುವ ಈ ತಲೆಕೆಳಗಾದ ಕ್ರಮ ಇಂದಿಗೂ ಉಳಿದುಬಂದಿದೆ. 1856ರಲ್ಲಿ ಖಗೋಳಜ್ಞ ನಾರ್ಮನ್ ಪಾಗ್ಸನ್ ಇದಕ್ಕೆ ಗಣಿತದ ಚೌಕಟ್ಟು ಹಾಕಿ, ಐದು ಮನೆಗಳ ಅಂತರವೆಂದರೆ ಹೊಳಪಿನಲ್ಲಿ ಸರಿಯಾಗಿ 100 ಪಟ್ಟು ಎಂದು ಗೊತ್ತುಮಾಡಿದ. ಆಗ ಒಂದು ಮನೆಗೆ 100ರ ಐದನೆಯ ಮೂಲವಾದ 2.512 ಪಟ್ಟು ಬರುತ್ತದೆ.

ಲೆಕ್ಕ ಹಾಕುವುದು ಸುಲಭ: ಎರಡು ಕಾಂತಿಮಾನಗಳ ಅಂತರವನ್ನು 0.4ರಿಂದ ಗುಣಿಸಿ, ಬಂದದ್ದನ್ನು 10ರ ಘಾತವಾಗಿ ಇಡಿ. ಸಿರಿಯಸ್ ನಕ್ಷತ್ರದ ಕಾಂತಿಮಾನ −1.46, ಧ್ರುವ ನಕ್ಷತ್ರದ್ದು ಸುಮಾರು 2. ಅಂತರ 3.46, ಗುಣಲಬ್ಧ 1.384, ಅಷ್ಟು ಘಾತದ 10 ಎಂದರೆ ಸುಮಾರು 24. ಸಿರಿಯಸ್ ನಮಗೆ ಧ್ರುವಕ್ಕಿಂತ 24 ಪಟ್ಟು ಹೊಳಪಾಗಿ ಕಾಣುತ್ತದೆ. ಸೂರ್ಯನ −26.74ಕ್ಕೂ ಹುಣ್ಣಿಮೆಯ ಚಂದ್ರನ ಸುಮಾರು −12.7ಕ್ಕೂ ಇದೇ ಲೆಕ್ಕ ಮಾಡಿದರೆ ನಾಲ್ಕು ಲಕ್ಷದ ಆಸುಪಾಸಿನ ಪಟ್ಟು ಸಿಗುತ್ತದೆ. "ಕಾಣುತ್ತದೆ" ಎಂಬ ಮಾತನ್ನು ಇಲ್ಲಿ ಬಿಡುವಂತಿಲ್ಲ. ಹತ್ತಿರದ ಮಂಕು ನಕ್ಷತ್ರ ದೂರದ ಪ್ರಖರ ನಕ್ಷತ್ರವನ್ನು ಮೀರಿಸಿ ತೋರಬಹುದಾದ್ದರಿಂದ, ಎಲ್ಲವನ್ನೂ 10 ಪಾರ್ಸೆಕ್, ಅಂದರೆ ಸುಮಾರು 32.6 ಜ್ಯೋತಿರ್ವರ್ಷ ದೂರದಲ್ಲಿಟ್ಟರೆ ಹೇಗೆ ಕಾಣುತ್ತಿದ್ದವು ಎಂದು ಲೆಕ್ಕ ಹಾಕಿ ಅದನ್ನು ನಿರಪೇಕ್ಷ ಕಾಂತಿಮಾನ ಎನ್ನುತ್ತಾರೆ. ಆ ದೂರದಲ್ಲಿ ನಮ್ಮ ಸೂರ್ಯನ ಅಂಕ 4.83; ಬರಿಗಣ್ಣಿಗೆ ಕಾಣುವ, ಆದರೆ ಯಾರ ಗಮನವನ್ನೂ ಸೆಳೆಯದ ಒಂದು ಚುಕ್ಕಿ.

ಭೂಕಂಪದ ಮಾಪಕವನ್ನು ಚಾರ್ಲ್ಸ್ ರಿಕ್ಟರ್ ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳಿಗಾಗಿ 1935ರಲ್ಲಿ ಪ್ರಕಟಿಸಿದ. ನಿರ್ದಿಷ್ಟ ಬಗೆಯ ಕಂಪನಮಾಪಕವೊಂದು ಕೇಂದ್ರದಿಂದ 100 ಕಿಲೋಮೀಟರ್ ದೂರದಲ್ಲಿದ್ದು, ಅದರ ಸೂಜಿ 1 ಮಿಲಿಮೀಟರ್ ಅಲುಗಿದರೆ ಪರಿಮಾಣ 3. ಹತ್ತು ಪಟ್ಟು ಅಲುಗಿದರೆ 4. ಬಹಳ ದೊಡ್ಡ ಭೂಕಂಪಗಳನ್ನು ಈ ಪದ್ಧತಿ ಸರಿಯಾಗಿ ಬೇರ್ಪಡಿಸಿ ತೋರದ ಕಾರಣ 1979ರಲ್ಲಿ ಥಾಮಸ್ ಹ್ಯಾಂಕ್ಸ್ ಮತ್ತು ಹಿರೂ ಕನಮೊರಿ ಮೊಮೆಂಟ್ ಪರಿಮಾಣವನ್ನು ರೂಪಿಸಿದರು. ಅದು ಸೂಜಿಯ ಅಲುಗಾಟವನ್ನು ಬಿಟ್ಟು, ಬಿರುಕುಬಿಟ್ಟ ಶಿಲೆಯ ಬಿಗುವು, ಸರಿದ ಸ್ತರಭಂಗದ ವಿಸ್ತೀರ್ಣ, ಸರಿದ ದೂರ ಈ ಮೂರರ ಗುಣಲಬ್ಧವನ್ನು ಆಧರಿಸುತ್ತದೆ. ಇಲ್ಲಿ ಅಂತರವನ್ನು 1.5ರಿಂದ ಗುಣಿಸಿ 10ರ ಘಾತವಾಗಿಟ್ಟರೆ ಶಕ್ತಿಯ ಪಟ್ಟು ಸಿಗುತ್ತದೆ. ಒಂದು ಮನೆಗೆ ಸುಮಾರು 32 ಪಟ್ಟು, ಎರಡು ಮನೆಗೆ ಸಾವಿರ ಪಟ್ಟು, ಬರಿಯ 0.2ಕ್ಕೇ ಎರಡು ಪಟ್ಟು. 1960ರ ಚಿಲಿ ಭೂಕಂಪದ ಪರಿಮಾಣ 9.5, 2004ರ ಸುಮಾತ್ರಾ ಭೂಕಂಪದ್ದು 9.1; ಅಂಕಿಯಲ್ಲಿ ಅಲ್ಪವೆನಿಸುವ ಈ 0.4ರ ಅಂತರ ಶಕ್ತಿಯಲ್ಲಿ ನಾಲ್ಕು ಪಟ್ಟಿನದು.

ಒಂದು ಭೂಕಂಪಕ್ಕೆ ಇರುವುದು ಒಂದೇ ಪರಿಮಾಣ, ಏಕೆಂದರೆ ಅದು ಮೂಲದಲ್ಲಿ ನಡೆದದ್ದರ ಅಳತೆ. ಒಂದೊಂದು ಸ್ಥಳದಲ್ಲಿ ನೆಲ ಎಷ್ಟು ನಡುಗಿತು, ಏನೆಲ್ಲ ಬಿದ್ದಿತು ಎಂಬುದನ್ನು ಹೇಳುವುದು ತೀವ್ರತೆ. ಅದು ಊರಿಂದೂರಿಗೆ ಬದಲಾಗುತ್ತದೆ, ಪರಿಷ್ಕೃತ ಮರ್ಕ್ಯಾಲಿ ಮಾಪಕದಲ್ಲಿ ಒಂದರಿಂದ ಹನ್ನೆರಡರವರೆಗೆ ರೋಮನ್ ಅಂಕಿಗಳಲ್ಲಿ ಬರೆಯಲಾಗುತ್ತದೆ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುವುದು ಸಾಮಾನ್ಯ, ಓದುವವರೇ ಬೇರ್ಪಡಿಸಿಕೊಳ್ಳಬೇಕು.

ಶಬ್ದದ ಡೆಸಿಬೆಲ್ ಮತ್ತು ದ್ರಾವಣಗಳ ಪಿಎಚ್ ಕೂಡ ಇದೇ ಕುಟುಂಬದವು: ಹತ್ತು ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಪಿಎಚ್ ಒಂದು ಇಳಿದರೆ ಆಮ್ಲೀಯತೆ ಹತ್ತು ಪಟ್ಟು.

ಲಘುಗಣಕದ ಅಂಕಿಗಳನ್ನು ನೇರವಾಗಿ ಕೂಡಿಸುವಂತಿಲ್ಲ. ದೂರದರ್ಶಕವಿಲ್ಲದೆ ನೋಡಿದಾಗ ಒಂದೇ ಚುಕ್ಕಿಯಾಗಿ ಕಾಣುವ ಜೋಡಿ ನಕ್ಷತ್ರದಲ್ಲಿ ಎರಡರ ಕಾಂತಿಮಾನವೂ 3 ಆಗಿದ್ದರೆ ಒಟ್ಟು 6 ಎಂದರೆ ಅದು ಅಸಂಬದ್ಧ. ಬೆಳಕು ಸೇರಿ ಹೆಚ್ಚಾಗಬೇಕಾದಲ್ಲಿ ಬರಿಗಣ್ಣಿನ ಅಂಚಿಗೆ ಮಂಕಾದಂತಾಯಿತು. ಮೊದಲು ಮಾಪಕದಿಂದ ಕೆಳಗಿಳಿದು ನಿಜವಾದ ರಾಶಿಗೆ ಬರಬೇಕು: ಎರಡು ಸಮಾನ ಬೆಳಕುಗಳು ಸೇರಿದರೆ ಎರಡು ಪಟ್ಟು. ಆಮೇಲೆ ಮತ್ತೆ ಮಾಪಕಕ್ಕೆ ಏರಬೇಕು: 2ರ ಲಘುಗಣಕ 0.301, ಅದನ್ನು 2.5ರಿಂದ ಗುಣಿಸಿದರೆ 0.75, ಹೊಳಪು ಹೆಚ್ಚಿದ್ದರಿಂದ ಅದನ್ನು 3ರಿಂದ ಕಳೆಯಬೇಕು. ಜೋಡಿಯ ಕಾಂತಿಮಾನ 2.25. ಇದೇ ರೀತಿ, ತಲಾ 60 ಡೆಸಿಬೆಲ್ಲಿನ ಎರಡು ಸ್ವತಂತ್ರ ಶಬ್ದಗಳು ಒಟ್ಟಿಗೆ ಕೇಳಿದರೆ ಆಗುವುದು 120 ಅಲ್ಲ, 63.